ಹೆಬ್ಬೆರಳಿನ ಹಾದಿ

ವಾಸ್ಕೋ ಸ್ಟೇಷನ್ನಿನ ಹೊರಗ, ಮೀನಿನ ಮಾರ್ಕೆಟ್ಟಿಗೆ ಹೋಗೋ ಸಂದ್ಯಾಗ
ನಂದೊಂದು ಅಂಗಡಿ. ಆರು ಫೂಟು ಉದ್ದ, ನಾಲ್ಕು ಅಗಲ.
ಒಡದ ಫೋನು ತರ್ತಾರ, ಗಾಜು ಬದಲಿ ಮಾಡಿ ಕೊಡತೇನಿ.
ಬಂದರಿನ ಕಲ್ಲಿದ್ದಲ ಧೂಳು ಹಾರಿ ಬಂದು
ನನ್ನ ಭೂತಗನ್ನಡಿ ಮ್ಯಾಲೆ ಕುಂದರತೈತಿ.
ಒರಸತೇನಿ. ಮತ್ತ ಕುಂದರತೈತಿ.

ಹದಿನಾಲ್ಕು ವರ್ಷದಾಗ ಒಂದು ವಿದ್ಯಾ ಕಲತೇನಿ:
ಫೋನು ಆರಿಸಿ ಟ್ಯೂಬ್‌ಲೈಟಿಗೆ ಓರೆ ಹಿಡದ್ರ
ಗಾಜಿನ ಮ್ಯಾಲೆ ಹೆಬ್ಬೆರಳಿನ ಹಾದಿ ಕಾಣತೈತಿ.
ಕೆಳಗಿಂದ ಮ್ಯಾಲಕ್ಕ, ಕೆಳಗಿಂದ ಮ್ಯಾಲಕ್ಕ,
ಸೇದೋ ಹಗ್ಗ ಬಾವಿ ಕಲ್ಲು ಕೊರದಾಂಗ.
ಆಟ ಆಡೋ ಹುಡುಗರದು ಎರಡು ಮೂಲಿಗೆ ಎರಡು ಚುಕ್ಕಿ.
ಅಂಗೈ ಓದೋರಿಗೆ ನಾಳೆ ಕಾಣತೈತಂತ,
ನನಗ ನಿನ್ನಿ ರಾತ್ರಿ ಕಾಣತೈತಿ.

ಫಿಲೋಮಿನಾ ಬಾಯಿ ಬಂದ್ಲು, ಕೊಂಕಣಿಯೊಳಗ ಬೈಕೋತ.
ಮಗನ ಫೋನು ಬಾಲ್ಕನಿಯಿಂದ ತಾನಽ ಒಗದಾಳ,
ತಾನಽ ರಿಪೇರಿಗೆ ತಂದಾಳ.
"ಬೀಗ ಹಾಕು ಇದಕ್ಕ, ಅವನಿಗೆ ತಗೀಲಿಕ್ಕೆ ಬರಬಾರದು."
ಹಾಕಿ ಕೊಟ್ಟೆ. ನೂರೈವತ್ತು ರೂಪಾಯಿ.
ಮರುದಿನ ಹುಡುಗ ಬಂದ: "ಕಾಕಾ, ತಗೀರಿ, ಇನ್ನೂರು ಕೊಡತೇನಿ."
ನಾ ನಕ್ಕೆ.
ನಗಬಾರದಾಗಿತ್ತು.

ನನ್ನ ಮನ್ಯಾಗ ನೀಲಾಂಬಿಕಾ, ಎಂಟನೇ ಇಯತ್ತೆ.
ರಾತ್ರಿ ಹನ್ನೆರಡಕ್ಕ ಚಾದರದೊಳಗ ಬೆಳಕು.
ಬಂದರಿನ್ಯಾಗ ಒಂದು ಹಡಗು ಒಮ್ಮೆ ಕೂಗಿ ಸುಮ್ಮನಾತು.
ಬೀಗ ತಗಿಯೋದು ನನ್ನ ಕಸುಬು.
ಅಕಿ ಮಲಗಿದ ಮ್ಯಾಲೆ ತಗದೆ.

ಏನೇನೋ ಇರತೈತಿ ಅಂತ ಎದಿ ಢವಢವ.
ಇದ್ದದ್ದು ಇಷ್ಟು: ಕ್ಲಾಸಿನ ಗುಂಪಿನ್ಯಾಗ ಅಕಿ ಫೋಟೋ,
ಯಾರೋ ನಾಯಿ ಕಿವಿ ಹಚ್ಚ್ಯಾರ, ಕೆಳಗೊಂದು ಹೆಸರಿಟ್ಟಾರ,
ಆ ಹೆಸರು ನಾ ಹೇಳೂದಿಲ್ಲ.
ಅದರ ಕೆಳಗ ನಗೋ ಮಾರಿ, ನಗೋ ಮಾರಿ,
ಎಣಿಸಿದೆ, ಮೂವತ್ತೊಂದು.
ಮೂವತ್ತೆರಡನೇದು ನನ್ನ ಮಗಳದು.
ಎಲ್ಲಾರ ಜೋಡಿ ತಾನೂ ನಕ್ಕಾಳ.

ಮೂರು ದಿನ ಗಂಟಲಾಗ ಮೀನಿನ ಮುಳ್ಳು.
ಹೇಳಿದ್ರ ನಾ ಕಳ್ಳ, ಹೇಳದಿದ್ರ ಕುರುಡ.
ನಾಲ್ಕನೇ ಮುಂಜಾನೆ ಪೊದೇರನ ಸೈಕಲ್ಲು ಪೋಂ ಪೋಂ ಅಂತು,
ಬಿಸಿ ಪಾವು ಚಹಾದಾಗ ಎದ್ದಿಕೋತ ಅಂದೆ:
"ನೀಲಾ, ನಿನ್ನ ಫೋನು ನಾ ತಗದು ನೋಡೇನಿ. ತಪ್ಪಾತು."
ಅಕಿ ಕೈಯಾಗಿನ ಪಾವು ಮುರದು ಚಹಾದಾಗ ಮುಳುಗಿತು.
ಹಂಗಽ ಬಿಟ್ಟು ಎದ್ದು ಹೋದ್ಲು.

ಎರಡು ದಿನ ಮಾತಿಲ್ಲ. ಅವರವ್ವ
ಇಬ್ಬರ ಮಾರಿ ನೋಡಿ ನೋಡಿ ಸಾರಿಗೆ ಉಪ್ಪು ಮರತ್ಲು.

ಐತವಾರ ಅಂಗಡಿಗೆ ಬಂದು ಸ್ಟೂಲಿನ ಮ್ಯಾಲೆ ಕುಂತ್ಲು.
ಸ್ಕ್ರೂ ಡಬ್ಬಿ ಅಲ್ಲಾಡಿಸಿ ಅಲ್ಲಾಡಿಸಿ, ಕಡೀಕ:
"ಗುಂಪು ಬಿಟ್ರ ಬಿಟ್ಟಾಳ ಅಂತ ಗೊತ್ತಾಗತೈತಿ.
ಸುಮ್ಮನಿದ್ರ ಅತ್ತಾಳ ಅಂತಾರ. ಅದಕ್ಕ ನಕ್ಕೆ."
ನನ್ನ ಪೆಟಿಗ್ಯಾಗ ಇಪ್ಪತ್ತೆಂಟು ನಮೂನಿ ಹತ್ಯಾರ.
ಇದಕ್ಕ ಕೂಡೋದು ಒಂದೂ ಇರಲಿಲ್ಲ.
"ಟೀಚರಿಗೆ ನಾ ಹೇಳಲೇನು?"
"ನಾನಽ ಹೇಳತೇನಿ. ನೀ ಬಾಗಲ ಹೊರಗ ನಿಂದ್ರು. ದೂರ ಅಲ್ಲ,
ಕಾಣೋ ಹಂಗ."

ಆಮ್ಯಾಲೆ ನನ್ನ ಫೋನು ತಗೊಂಡು
ಟ್ಯೂಬ್‌ಲೈಟಿಗೆ ಓರೆ ಹಿಡದ್ಲು, ನನ್ನ ವಿದ್ಯಾ ನನಗಽ.
"ನಿಂದೂ ಸವದೈತಲ್ಲ ಅಪ್ಪಾ.
ನನ್ನದಕ್ಕಿಂತ ಆಳ ಐತಿ."

ಈಗ ರಾತ್ರಿ ಹತ್ತಕ್ಕ ಹಳೇ ರೊಟ್ಟಿ ಬುಟ್ಟ್ಯಾಗ ಮೂರು ಫೋನು.
ಮೊದಲು ನಂದು ಇಡಬೇಕು, ಅದು ಅಕಿ ಕಾನೂನು.
ಬೀಗ ಇಲ್ಲ, ಮ್ಯಾಲೊಂದು ಅರಿವಿ.
ಮೊನ್ನೆ ನಡುರಾತ್ರಿ ಬುಟ್ಟಿ ಹತ್ತರ ಸಪ್ಪಳ ಆತು,
ಅಕಿ ಎದ್ದು ಲೈಟು ಹಚ್ಚಿದ್ಲು.
ಸಿಕ್ಕವ ನಾನು.

ಗುಂಪಿನ್ಯಾಗ ಆ ಫೋಟೋ ಅಳಿಸ್ಯಾರ.
ಆ ಹೆಸರು ಇನ್ನೂ ಒಬ್ಬಿಬ್ಬರ ಬಾಯಾಗ ಐತಂತ.

ಇವತ್ತ ಫಿಲೋಮಿನಾ ಬಾಯಿ ಮತ್ತ ಬಂದಿದ್ಲು:
"ಇದಕ್ಕಿಂತ ಗಟ್ಟಿ ಬೀಗ ಐತೇನು?"
ನಾ ಸ್ಟೂಲು ಈಚೆ ಸರಸಿದೆ, ಧೂಳು ಒರಸಿದೆ.
"ಕುಂದರ್ರಿ ಬಾಯಿ. ಹುಡುಗನ ಫೋನು ಇರಲಿ,
ನಿಮ್ಮದು ಒಂದೀಟು ಕೊಡ್ರಿ ಇಲ್ಲೆ,
ಬೆಳಕಿಗೆ ಹಿಡದು ನೋಡೂಣು."